ಹೆಪ್ಪುಗಟ್ಟದ ಕಡಲು

ಪದವಿ ತರಗತಿಯ ವಿದ್ಯಾರ್ಥಿಗಳಿಗೆ ನಾನು ತಿಂಗಳಿಗೊಮ್ಮೆ ಭಾಷಾಂತರದ ಅಭ್ಯಾಸವೊಂದನ್ನು ಕೊಡುವುದುಂಟು. ಇಂಗ್ಲಿಷ್ ಪತ್ರಿಕೆಯ ಯಾವುದಾದರೊಂದು ಸುದ್ದಿಯನ್ನು ಕತ್ತರಿಸಿ ತಂದು, ಕರಿಹಲಗೆಯ ಮೇಲೆ ಬರೆದು, ಅರ್ಧ ಗಂಟೆಯಲ್ಲಿ ಕನ್ನಡಿಸಿ ಕೊಡಿರೆಂದು ಹೇಳುತ್ತೇನೆ. 2025ರ ಅಕ್ಟೋಬರಿನಲ್ಲಿ ಹಾಗೆ ಕೊಟ್ಟ ಸುದ್ದಿಯ ಸಾರಾಂಶ ಇದು: ಅಬುಧಾಬಿಯಲ್ಲಿ ಸಮಾವೇಶಗೊಂಡಿದ್ದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪುಪಟ್ಟಿಯನ್ನು ತಿದ್ದಿ, ಉತ್ತರಧ್ರುವದ ಕಡೆಯ ಮೂರು ಜಾತಿಯ ಸೀಲುಗಳು ಮೊದಲಿಗಿಂತ ಹೆಚ್ಚಿನ ಅಪಾಯದಲ್ಲಿವೆಯೆಂದು ಸಾರಿದೆ, ಕಡಲ ಮೇಲಿನ ಮಂಜುಗಡ್ಡೆ ಕಡಮೆಯಾಗುತ್ತಿರುವುದೇ ಅದಕ್ಕೆ ಮುಖ್ಯ ಕಾರಣ.

ಉತ್ತರಪತ್ರಗಳನ್ನು ಮನೆಗೆ ತಂದು ನೋಡುತ್ತ ಕುಳಿತೆ. ಒಬ್ಬ ಹುಡುಗಿ ಬರೆದಿದ್ದಳು: ‘ಮಂಜು ಕರಗುತ್ತಿರುವುದರಿಂದ ಮೂರು ಬಗೆಯ ಮುದ್ರೆಗಳು ಅಳಿದುಹೋಗುತ್ತಿವೆ.’ ವಾಕ್ಯ ವ್ಯಾಕರಣಶುದ್ಧವಾಗಿತ್ತು. ಅಂಕ ಕಳೆಯಲು ಕೈ ಬರಲಿಲ್ಲ. ನಿಘಂಟನ್ನು ನಂಬಿದವರಿಗೆ ನಿಘಂಟು ಮಾಡುವ ಉಪಕಾರ ಕೆಲವೊಮ್ಮೆ ಇಂಥದು. ಮಲೆನಾಡಿನ ಕಡೆಯಿಂದ ಬಂದ ಇನ್ನೊಬ್ಬ ಹುಡುಗ ‘ನೀರುನಾಯಿ’ ಎಂದು ಬರೆದಿದ್ದ. ಮರುದಿನ ತರಗತಿಯಲ್ಲಿ ಅವನನ್ನು ಎಬ್ಬಿಸಿ, ನೀರುನಾಯಿ ಬೇರೆ, ಸೀಲು ಬೇರೆ ಎಂದೆ. ಅವನು ಒಪ್ಪುವಂತೆ ಕಾಣಲಿಲ್ಲ.

“ಸರ್, ನಮ್ಮ ಹೊಳೆಯಲ್ಲಿ ನಾನು ನೀರುನಾಯಿ ನೋಡಿದ್ದೇನೆ. ಇದೂ ಹಾಗೆಯೇ ನೀರಿನಲ್ಲಿ ಈಜಿ ಮೀನು ಹಿಡಿಯುವ ಪ್ರಾಣಿ ತಾನೆ? ಮತ್ತೆ ಮಂಜುಗಡ್ಡೆ ಕರಗಿದರೆ ಇದಕ್ಕೆ ನಷ್ಟವೇನು? ನೀರು ಹೆಚ್ಚಾದರೆ ಈಜುವುದಕ್ಕೆ ಅನುಕೂಲವೇ ಆಗಬೇಕಲ್ಲ!”

ಇಡೀ ತರಗತಿ ನನ್ನ ಕಡೆ ನೋಡಿತು. ನನ್ನಲ್ಲಿ ಉತ್ತರವಿರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂಬ, ಅಧ್ಯಾಪಕರಿಗೆ ಮಾತ್ರ ಸಲ್ಲುವ ಮಾತನ್ನು ಹೇಳಿ ಪಾಠಕ್ಕೆ ಹಿಂತಿರುಗಿದೆ. ಆ ‘ನಾಳೆ’ ಬರಲು ಎರಡು ತಿಂಗಳು ಹಿಡಿಯಿತು. ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರು ಕೊಟ್ಟ ಲೇಖನಗಳನ್ನೂ ನಾನಾಗಿ ಹುಡುಕಿಕೊಂಡ ಕೆಲವನ್ನೂ ರಾತ್ರಿಯ ಹೊತ್ತು ಕುಳಿತು ಓದಿದೆ. ಹುಡುಗನ ಪ್ರಶ್ನೆ ಹಗುರವಾದುದಾಗಿರಲಿಲ್ಲವೆಂಬುದು ಓದುತ್ತ ಓದುತ್ತ ಮನದಟ್ಟಾಯಿತು.

ಮೊದಲು ಭಾಷೆಯ ತೊಡಕನ್ನೇ ಹೇಳಿಬಿಡುತ್ತೇನೆ. ಅದು ನನ್ನ ಕಸುಬು. ಬೆಳಗಿನ ಜಾವ ಹೊಲದ ಮೇಲೆ ಕವಿಯುವುದೂ ನಮಗೆ ಮಂಜು. ಹಿಮಾಲಯದ ನೆತ್ತಿಯ ಮೇಲೆ ಬೀಳುವುದೂ ಮಂಜು. ಪಾನಕದ ಲೋಟದಲ್ಲಿ ತೇಲುವುದು ಮಂಜುಗಡ್ಡೆ. ಕಾಣದ ವಸ್ತುವಿಗೆ ಹೆಸರುಗಳನ್ನು ಹೆರುವ ಹಂಗು ಯಾವ ಭಾಷೆಗಿದೆ? ನಮ್ಮ ಹಳಗನ್ನಡದ ಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವನ್ನು ತಪ್ಪದೆ ವರ್ಣಿಸಿದರು. ತಿಮಿ ತಿಮಿಂಗಿಲ ಮಕರಗಳನ್ನು ಅದರಲ್ಲಿ ತುಂಬಿದರು. ತೆರೆ ನೊರೆ ಮುತ್ತು ಹವಳಗಳಿಗೆ ಕೊರತೆಯಿಲ್ಲ. ಆದರೆ ಆ ಸಮುದ್ರ ಸದಾ ಅಲುಗುತ್ತಿರುವ ಸಮುದ್ರ. ಅದು ಒಂದು ದಿನ ಕದಲದೆ ನಿಂತು ನೆಲವಾಗಿಬಿಡಬಹುದೆಂದು ಅವರ ಕಲ್ಪನೆಗೂ ಹೊಳೆದಿರಲಾರದು. ಉತ್ತರದ ಕಡಲ ತೀರದಲ್ಲಿ ಬಾಳುವ ಇನ್ಯುಯಿಟ್ ಜನರಿಗೆ ಕಡಲ ಮೇಲಿನ ಮಂಜುಗಡ್ಡೆ ‘ಸಿಕು’. ಆ ಗಡ್ಡೆಯಲ್ಲಿ ಸೀಲು ಉಸಿರಾಡಲು ಕೊರೆದಿಟ್ಟುಕೊಂಡ ರಂಧ್ರ ‘ಅಗ್ಲು’. ಆ ಸೀಲು ‘ನತ್ತಿಕ್’. ಒಂದೊಂದಕ್ಕೆ ಒಂದೊಂದು ಚಿಕ್ಕ ಗಟ್ಟಿಯಾದ ಮಾತು. ನಾನಾದರೋ ಅವನ್ನು ವಾಕ್ಯಗಳಲ್ಲಿ ವಿವರಿಸಬೇಕಾಗಿದೆ.

ಆದರೂ ಕನ್ನಡ ನನ್ನನ್ನು ಪೂರ್ತಿ ಕೈಬಿಡಲಿಲ್ಲ. ಹಾಲಿಗೆ ಹೆಪ್ಪು ಹಾಕುವ ಮಾತನ್ನೇ ನಾವು ನೀರಿಗೂ ಬಳಸುತ್ತೇವಷ್ಟೆ. ಕಡಲು ಹೆಪ್ಪುಗಟ್ಟುವ ರೀತಿಯೂ ಹೆಚ್ಚು ಕಡಮೆ ಹಾಗೆಯೇ. ಉಪ್ಪುನೀರಾದುದರಿಂದ ಅದು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ; ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗಿಳಿಯಬೇಕು. ಮೊದಲು ಸೂಜಿಗಳಂಥ ಹರಳುಗಳು ಹುಟ್ಟಿ ನೀರಿನ ಮೇಲೆ ಜಿಡ್ಡಿನಂತೆ ಹರಡುತ್ತವೆ. ಬಳಿಕ ಕಾಯಿಸಿದ ಹಾಲಿನ ಮೇಲಣ ಕೆನೆಯಂತೆ ಪದರಗಟ್ಟುತ್ತದೆ. ಪದರ ಬಲಿತು ಮೊಳದುದ್ದ, ಮಾರುದ್ದ ದಪ್ಪವಾಗುತ್ತದೆ. ಗಟ್ಟಿಯಾಗುತ್ತ ಉಪ್ಪನ್ನು ಹೊರಗೆ ದೂಡುತ್ತ ಹೋಗುವುದರಿಂದ, ಒಂದೆರಡು ಬೇಸಗೆಗಳನ್ನು ಕಳೆದು ಹಳತಾದ ಗಡ್ಡೆಯನ್ನು ಕರಗಿಸಿದರೆ ಕುಡಿಯಬಹುದಾದಷ್ಟು ಸಿಹಿನೀರು ದೊರೆಯುತ್ತದೆ. ಅದರ ಮೇಲೆ ಮಂಜು ಬೀಳುತ್ತದೆ, ಗಾಳಿ ಅದನ್ನು ಗುಡ್ಡೆಗುಡ್ಡೆಯಾಗಿ ಒಟ್ಟುತ್ತದೆ. ಸೀಲಿನ ಸಂಸಾರ ಆರಂಭವಾಗುವುದು ಇಲ್ಲಿಂದ.

ಸೀಲುಗಳಲ್ಲಿ ಜಾತಿ ಹಲವು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಉಂಗುರದ ಸೀಲಿನ ಮಾತು, ಇನ್ಯುಯಿಟರ ನತ್ತಿಕ್. ಬೂದುಬಣ್ಣದ ಮೈಮೇಲೆ ಬಿಳಿಯ ಉಂಗುರಗಳಿರುವುದರಿಂದ ಆ ಹೆಸರು. ಉತ್ತರಧ್ರುವದ ಸೀಲುಗಳಲ್ಲೆಲ್ಲ ಚಿಕ್ಕದು. ಉದ್ದ ಸುಮಾರು ಒಂದೂವರೆ ಮೀಟರು, ತೂಕ ನಮ್ಮ ನಿಮ್ಮಷ್ಟು. ಆದರೆ ಇದರಷ್ಟು ಸಂಪೂರ್ಣವಾಗಿ ಗಡ್ಡೆಗಟ್ಟಿದ ಕಡಲನ್ನು ಮನೆ ಮಾಡಿಕೊಂಡದ್ದು ಇನ್ನೊಂದಿಲ್ಲ. ಶರತ್ಕಾಲದಲ್ಲಿ ಕಡಲಿಗೆ ಕೆನೆಗಟ್ಟುವಾಗಲೇ ಇದು ಅಲ್ಲಲ್ಲಿ ತಲೆಯಿಂದ ಗುದ್ದಿ ಉಸಿರಿನ ರಂಧ್ರಗಳನ್ನು ಮಾಡಿಕೊಳ್ಳುತ್ತದೆ. ಗಡ್ಡೆ ಬೆಳೆದಂತೆಲ್ಲ ಮುಂಗಾಲಿನ ಉಗುರುಗಳಿಂದ ಕೆರೆದು ಕೆರೆದು ಅವನ್ನು ಮುಚ್ಚಿಹೋಗದಂತೆ ಕಾಪಾಡುತ್ತದೆ. ಗಡ್ಡೆ ಎರಡು ಮೀಟರು ದಪ್ಪವಾದರೂ ರಂಧ್ರ ತೆರೆದೇ ಇರುತ್ತದೆ. ಇಡೀ ಚಳಿಗಾಲದ ದುಡಿಮೆ ಅದು. ಒಂದು ದಿನ ಸೋಮಾರಿಯಾದರೆ ಉಸಿರಿಲ್ಲ.

ಚಳಿಗಾಲದ ಕೊನೆಯಲ್ಲಿ, ಗರ್ಭಿಣಿಯಾದ ಹೆಣ್ಣುಸೀಲು ಅಂಥ ರಂಧ್ರವೊಂದನ್ನು ಅಗಲ ಮಾಡಿ, ಗಡ್ಡೆಯ ಮೇಲಕ್ಕೆ ಬಂದು, ಮೇಲೆ ಕುಳಿತ ಮಂಜಿನ ಗುಡ್ಡೆಯನ್ನು ಒಳಗಿನಿಂದಲೇ ತೋಡಿ ಒಂದು ಕೋಣೆ ಮಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಬಿಳಿಯ ಬಯಲಲ್ಲದೆ ಬೇರೇನೂ ತೋರದು. ಬಾಗಿಲು ಇರುವುದು ನೆಲದಲ್ಲಿ, ನೀರಿನ ಕಡೆಗೆ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ ಕೊರೆಯುತ್ತಿದ್ದರೂ ಒಳಗೆ ಸೊನ್ನೆಯ ಆಸುಪಾಸಿನಲ್ಲಿ, ಆ ನಾಡಿನ ಮಟ್ಟಿಗೆ ಬೆಚ್ಚಗೆ, ಇರುತ್ತದೆ. ಮಾರ್ಚಿ ಏಪ್ರಿಲ್‌ಗಳಲ್ಲಿ ಅಲ್ಲಿ ಒಂದೇ ಒಂದು ಮರಿ ಹುಟ್ಟುತ್ತದೆ. ತೂಕ ನಾಲ್ಕೈದು ಕಿಲೋ. ಮೈತುಂಬ ಉಣ್ಣೆಯಂಥ ಬಿಳಿಯ ಕೂದಲು. ಚರ್ಮದಡಿಯಲ್ಲಿ ಕೊಬ್ಬು ಇನ್ನೂ ಇಲ್ಲ. ಇಲ್ಲಿಯೇ ನನ್ನ ಶಿಷ್ಯನ ಪ್ರಶ್ನೆಗೆ ಉತ್ತರವಿರುವುದು. ಆ ಬಿಳಿಯ ಕೂದಲು ಒಣಗಿರುವಾಗ ಮಾತ್ರ ಬೆಚ್ಚಗಿಡುತ್ತದೆ. ತೊಯ್ದರೆ ನೆನೆದ ಕಂಬಳಿಯಂತೆ. ಮರಿ ಹುಟ್ಟಿದ ಕೆಲವು ದಿನಗಳಲ್ಲೇ ನೀರಿಗಿಳಿದು ಈಜಬಲ್ಲದು, ನಿಜ. ಆದರೆ ಮೇಲೆ ಬಂದು ಮೈಯೊಣಗಿಸಿಕೊಳ್ಳಲು ಗಾಳಿಯಿಲ್ಲದ ಒಂದು ಮರೆ ಬೇಕು. ತಾಯಿ ಐದಾರು ವಾರ ಹಾಲೂಡಿಸುತ್ತದೆ. ಅಷ್ಟರಲ್ಲಿ ಮರಿ ಕೊಬ್ಬಿ, ಬಿಳಿಯ ಕೂದಲುದುರಿ, ಕಡಲಿಗೆ ತಕ್ಕ ಮೈ ಬರುತ್ತದೆ. ಆ ಐದಾರು ವಾರ ಮನೆಯ ಮಾಡು ನಿಂತಿದ್ದರೆ ಮರಿ ಉಳಿಯಿತು, ಕುಸಿದರೆ ಹೋಯಿತು.

ಮಾಡಿನ ಮೇಲೆ ಕಾದಿರುವ ಶತ್ರುಗಳೂ ಕಡಮೆಯಲ್ಲ. ಧ್ರುವದ ಬಿಳಿಕರಡಿ ಮಂಜಿನಡಿಯ ಮರಿಯ ವಾಸನೆಯನ್ನು ದೂರದಿಂದಲೇ ಹಿಡಿದು ಬಂದು, ಹಿಂಗಾಲಿನ ಮೇಲೆ ನಿಂತು, ಮುಂಗಾಲುಗಳನ್ನು ಜೋಡಿಸಿ ಮಾಡಿನ ಮೇಲೆ ಧೊಪ್ಪನೆ ಬೀಳುತ್ತದೆ. ಮಾಡು ದಪ್ಪವಾಗಿದ್ದರೆ ಒಡೆಯುವಷ್ಟರಲ್ಲಿ ತಾಯಿಗೂ ಮರಿಗೂ ನೀರಿಗೆ ಜಾರುವಷ್ಟು ಸಮಯ ಸಿಕ್ಕುತ್ತದೆ. ಇದಕ್ಕಾಗಿಯೇ ತಾಯಿ ಒಂದೇ ಮನೆಯನ್ನು ನಂಬದೆ, ಸಮೀಪದಲ್ಲಿ ಇನ್ನೂ ಕೆಲವು ಮನೆಗಳನ್ನು ತೋಡಿಟ್ಟಿರುತ್ತದೆ. ಕರಡಿಯ ಪರವಾಗಿಯೂ ಒಂದು ಮಾತು ಹೇಳಬೇಕು: ಅದಕ್ಕೆ ಮುಖ್ಯ ಆಹಾರವೇ ಈ ಸೀಲು, ಸೀಲಿಲ್ಲದಿದ್ದರೆ ಕರಡಿಯೂ ಇಲ್ಲ.

ಈಗ ಗಡ್ಡೆಯ ಸ್ಥಿತಿಯೇನು? ಉಪಗ್ರಹಗಳು ಧ್ರುವದ ಕಡಲನ್ನು ಎಡೆಬಿಡದೆ ಅಳೆಯತೊಡಗಿದ್ದು 1978ರ ಕೊನೆಯಿಂದ. ಬೇಸಗೆ ಮುಗಿದು ಗಡ್ಡೆ ಅತಿ ಕಡಮೆಯಿರುವ ಸೆಪ್ಟೆಂಬರ್ ತಿಂಗಳ ಲೆಕ್ಕವನ್ನು ನೋಡಿದರೆ, ಅಂದಿನಿಂದ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಹನ್ನೆರಡರಂತೆ ಅದು ಇಳಿಯುತ್ತ ಬಂದಿದೆ. 2012ರ ಸೆಪ್ಟೆಂಬರಿನಲ್ಲಿ 34 ಲಕ್ಷ ಚದರ ಕಿಲೋಮೀಟರಿಗೆ ಇಳಿದದ್ದು ಅತಿ ಕನಿಷ್ಠದ ದಾಖಲೆ. ಚಳಿಗಾಲದ ಗಡ್ಡೆಯೂ ಕುಗ್ಗುತ್ತಿದೆ: 2025ರ ಮಾರ್ಚಿ 22ರಂದು ಅದು ತನ್ನ ಪೂರ್ಣ ವಿಸ್ತಾರಕ್ಕೆ ಬಂದಾಗ 1 ಕೋಟಿ 43 ಲಕ್ಷ ಚದರ ಕಿಲೋಮೀಟರು ಮಾತ್ರ ಇತ್ತು, ಅಷ್ಟು ಕಡಮೆಯ ಚಳಿಗಾಲ ಉಪಗ್ರಹಗಳ 47 ವರ್ಷಗಳ ದಾಖಲೆಯಲ್ಲಿ ಅದುವರೆಗೆ ಇರಲಿಲ್ಲ. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು ನಾವು ಕಾಯಿಸಿದ ಭೂಮಿ ಎಲ್ಲ ಕಡೆಯೂ ಒಂದೇ ಸಮನೆ ಕಾಯುತ್ತಿಲ್ಲ. 1979ರಿಂದೀಚೆಗೆ ಉತ್ತರಧ್ರುವ ಪ್ರದೇಶವು ಲೋಕದ ಸರಾಸರಿಗಿಂತ ನಾಲ್ಕು ಪಟ್ಟಿನಷ್ಟು ವೇಗವಾಗಿ ಬಿಸಿಯಾಗಿದೆಯೆಂದು ಫಿನ್ಲೆಂಡಿನ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿದರು. ಬಿಳಿಯ ಗಡ್ಡೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಅದು ಕರಗಿ ಕಪ್ಪುನೀರು ಬಾಯ್ದೆರೆದರೆ ಬಿಸಿಲನ್ನು ಕುಡಿಯುತ್ತದೆ. ಕುಡಿದ ಶಾಖ ಇನ್ನಷ್ಟು ಗಡ್ಡೆಯನ್ನು ಕರಗಿಸುತ್ತದೆ.

ಸೀಲಿನ ಮನೆಯ ಕಡೆಯಿಂದ ನೋಡಿದರೆ ಗಡ್ಡೆ ಕುಗ್ಗುವುದಕ್ಕಿಂತ ಅದು ತಡವಾಗಿ ಕಟ್ಟುವುದೇ ಹೆಚ್ಚು ಕೇಡು. ಇದನ್ನು ನಾನು ಮೊದಲು ಅರ್ಥ ಮಾಡಿಕೊಂಡಿರಲಿಲ್ಲ. ಶರತ್ಕಾಲದ ಮಂಜು ಎಂದಿನಂತೆಯೇ ಬೀಳಬಹುದು; ಆದರೆ ಕೆಳಗೆ ಗಡ್ಡೆ ಇನ್ನೂ ಕಟ್ಟಿಲ್ಲದಿದ್ದರೆ ಆ ಮಂಜು ಬಿದ್ದ ಕ್ಷಣವೇ ಕಡಲಿನಲ್ಲಿ ಕರಗಿಹೋಗುತ್ತದೆ. ಬುನಾದಿಯಿಲ್ಲದ ಜಾಗದಲ್ಲಿ ಸುರಿದ ಮಣ್ಣಿನಂತೆ. ಗಡ್ಡೆ ಕಟ್ಟಿದ ಮೇಲೆ ಬೀಳುವ ಅಲ್ಪಸ್ವಲ್ಪ ಮಂಜು ಮಾತ್ರ ಗುಡ್ಡೆಯಾಗುತ್ತದೆ. ಅದರಲ್ಲಿ ಕೋಣೆ ತೋಡುವಷ್ಟು ಆಳವಿರುವುದಿಲ್ಲ. ಸಮತಟ್ಟಾದ ಗಡ್ಡೆಯ ಮೇಲೆ ಕಡಮೆಯೆಂದರೆ 20 ಸೆಂಟಿಮೀಟರು ಮಂಜು ಇದ್ದರೆ, ಗಾಳಿ ಅದನ್ನು ಒಟ್ಟಿದಾಗ ಮನೆಗೆ ಸಾಲುವಷ್ಟು ಗುಡ್ಡೆಯಾಗುತ್ತದೆಂಬುದು ಬಲ್ಲವರ ಲೆಕ್ಕ. ಅಂಥ ಮಂಜು ಹೊದ್ದ ಗಡ್ಡೆಯ ಪ್ರದೇಶ ಈ ಶತಮಾನದ ಕೊನೆಯ ಹೊತ್ತಿಗೆ ನೂರಕ್ಕೆ ಎಪ್ಪತ್ತರಷ್ಟು ಕಡಮೆಯಾಗಬಹುದೆಂದು ಅಮೆರಿಕೆಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2012ರಲ್ಲಿ ಅಂದಾಜು ಮಾಡಿದರು. ಮಂಜಿಗೆ ಬದಲು ಮಳೆ ಬಂದರೆ ಇನ್ನೂ ಕಷ್ಟ. 1979ರ ಏಪ್ರಿಲಿನಲ್ಲಿ ಕೆನಡಾದ ಬ್ಯಾಫಿನ್ ದ್ವೀಪದ ಆಗ್ನೇಯ ತೀರದಲ್ಲಿ ಅಕಾಲದ ಮಳೆ ಸುರಿದು ಮನೆಗಳ ಮಾಡುಗಳು ಕುಸಿದವು. ಬಯಲಿಗೆ ಬಿದ್ದ ಮರಿಗಳು ಕರಡಿಗಳಿಗೂ ನರಿಗಳಿಗೂ ಸುಲಭವಾಗಿ ತುತ್ತಾದವು. ಅಂದು ಅದು ಅಪೂರ್ವವಾದ ಘಟನೆಯಾಗಿತ್ತು.

ಇದೆಲ್ಲ ಎಲ್ಲೋ ಭೂಪಟದ ಅಂಚಿನ ಸಂಗತಿ, ನಮಗೇನು ಸಂಬಂಧ ಎನ್ನುವವರಿಗೆ ಒಂದು ಸ್ಥಳವನ್ನು ತೋರಿಸುತ್ತೇನೆ. ನಾರ್ವೆಯ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ಉತ್ತರ ಅಕ್ಷಾಂಶ 79ರ ಹತ್ತಿರ, ನೀ-ಓಲೆಸುಂಡ್ ಎಂಬ ಪುಟ್ಟ ಊರಿದೆ. ಹಿಂದೆ ಅದು ಕಲ್ಲಿದ್ದಲು ಗಣಿಯ ಊರು. 1962ರ ನವೆಂಬರಿನಲ್ಲಿ ಗಣಿ ಸಿಡಿದು 21 ಮಂದಿ ಸತ್ತ ಮೇಲೆ ಗಣಿ ಮುಚ್ಚಿ, ಈಗ ಹಲವು ದೇಶಗಳ ವಿಜ್ಞಾನಿಗಳ ಬೀಡಾಗಿದೆ. ಅಲ್ಲಿ 2008ರಿಂದ ನಮ್ಮ ಭಾರತದ ‘ಹಿಮಾದ್ರಿ’ ಎಂಬ ನಿಲಯವೂ ಉಂಟು. ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರ ಅದನ್ನು ನಡೆಸುತ್ತದೆ. ಊರಿನ ಮುಂದಿರುವ ಕಡಲ ಚಾಚಿಗೆ ಕಾಂಗ್ಸ್‌ಫ್ಯೋರ್ಡ್ ಎಂದು ಹೆಸರು. ಅದರ ನೀರಿನೊಳಗೆ 2014ರಲ್ಲಿ ನಮ್ಮವರೇ ಯಂತ್ರಗಳನ್ನು ಇಳಿಬಿಟ್ಟು ನೀರಿನ ಶಾಖವನ್ನೂ ಉಪ್ಪನ್ನೂ ಅಳೆಯುತ್ತ ಬಂದಿದ್ದಾರೆ. ಆ ಕಡಲ ಚಾಚು ಉಂಗುರದ ಸೀಲಿನ ಹೆರಿಗೆಯ ಮನೆಯಾಗಿತ್ತು.

ಹೇಗೆಂದರೆ, ಕಾಂಗ್ಸ್‌ಫ್ಯೋರ್ಡಿನ ಒಳತುದಿಯಲ್ಲಿ ಹಿಮನದಿಗಳು ಕಡಲಿಗೆ ಬಂದು ಮುರಿಯುತ್ತವೆ. ಮುರಿದ ನೀಲಿಯ ಬಂಡೆಗಳು ತೇಲುತ್ತಿರುವಾಗಲೇ ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟಿ ಅವನ್ನು ಹಿಡಿದು ನಿಲ್ಲಿಸುತ್ತಿತ್ತು. ನಿಂತ ಬಂಡೆಯ ಮರೆಯಲ್ಲಿ ಗಾಳಿ ಮಂಜನ್ನು ತಂದು ಒಟ್ಟುತ್ತಿತ್ತು. ಸೀಲುಗಳು ಅಂಥ ಮರೆಗಳನ್ನು ಹುಡುಕಿ ಮನೆ ತೋಡುತ್ತಿದ್ದವು. 2006ರ ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ನೀರು ಗಾಳಿಯ ಬಲದಿಂದ ಒಳಗೆ ನುಗ್ಗಿತು; ಚಾಚು ಎಂದಿನಂತೆ ಹೆಪ್ಪುಗಟ್ಟಲಿಲ್ಲ. ಆ ವರ್ಷದ್ದು ಒಂದು ವಿಕಾರವೆಂದು ಬಿಡಬಹುದಾಗಿತ್ತು. ಆದರೆ ಅಲ್ಲಿಂದೀಚೆಗೆ ಹಳೆಯ ರೀತಿಯ ಗಡ್ಡೆ ಮರಳಿ ನೆಲೆಗೊಳ್ಳಲಿಲ್ಲ. ಕಟ್ಟಿದರೂ ಒಳಮೂಲೆಯಲ್ಲಿ ಮಾತ್ರ, ತಡವಾಗಿ, ತೆಳ್ಳಗೆ. ತಾಯಿಸೀಲುಗಳು ಮಾಡಿಲ್ಲದ ಬರಿಯ ಗಡ್ಡೆಯ ಮೇಲೆಯೇ ಹೆರತೊಡಗಿದವು. ಬಯಲಿನ ಮರಿಯನ್ನು ಕರಡಿ, ನರಿಗಳಲ್ಲದೆ ದೊಡ್ಡ ಕಡಲಹಕ್ಕಿಗಳೂ ಕುಕ್ಕಿ ಕೊಲ್ಲುತ್ತವೆ.

ಮರಿಗಳ ಪಾಡು ಹೀಗಾದರೆ, ಬೇಸಗೆಯಲ್ಲಿ ಆಹಾರಕ್ಕೆಂದು ಗಡ್ಡೆಯ ಅಂಚಿನವರೆಗೆ ಹೋಗುತ್ತಿದ್ದ ಸೀಲುಗಳ ಕಷ್ಟ ಬೇರೆ. ಬೆನ್ನಿಗೆ ಅಂಟಿಸಿದ ಪುಟ್ಟ ಯಂತ್ರಗಳಿಂದ ವಿಜ್ಞಾನಿಗಳು ಅವುಗಳ ದಾರಿಯನ್ನು ಹಿಡಿದು ನೋಡಿದರು: ಗಡ್ಡೆಯ ಅಂಚು ಉತ್ತರಕ್ಕೆ ಸರಿದ ಮೇಲೆ ಅವು ಹೆಚ್ಚು ದೂರ ಈಜಬೇಕಾಗಿದೆ, ಹೆಚ್ಚು ಹೊತ್ತು ಮುಳುಗಬೇಕಾಗಿದೆ, ವಿಶ್ರಾಂತಿ ಕಡಮೆಯಾಗಿದೆ. ಆದರೆ ಅದೇ ದ್ವೀಪಗಳಲ್ಲಿ ಇನ್ನೊಂದು ಜಾತಿಯ ಸೀಲು, ತೀರದ ಬಂಡೆಗಳ ಮೇಲೆ ಹೆರುವ ಸಾಮಾನ್ಯ ಸೀಲು, ಬೆಚ್ಚನೆಯ ನೀರಿನಿಂದ ಲಾಭವನ್ನೇ ಪಡೆದು ಹೊಸ ಹೊಸ ಎಡೆಗಳಿಗೆ ಹರಡುತ್ತಿದೆ. ನನ್ನ ಶಿಷ್ಯನ ತರ್ಕ ಅದರ ವಿಷಯದಲ್ಲಿ ಸರಿಯೇ. ಇದನ್ನು ಮುಚ್ಚಿಟ್ಟು ಎಲ್ಲ ಸೀಲುಗಳಿಗೂ ಒಂದೇ ಗೋಳು ಹೊಯ್ದುಕೊಳ್ಳುವುದು ನ್ಯಾಯವಲ್ಲ.

ಕೆಂಪುಪಟ್ಟಿಯ ಸುದ್ದಿಯಲ್ಲಿದ್ದ ಮೂರು ಜಾತಿಗಳು ಬೇರೆ: ಹಾರ್ಪ್ ಸೀಲು, ಗಡ್ಡದ ಸೀಲು, ಮುಸುಕಿನ ಸೀಲು. ಮೊದಲೆರಡು ನಿಶ್ಚಿಂತೆಯ ವರ್ಗದಿಂದ ಅಪಾಯದ ಹೊಸ್ತಿಲಿಗೆ ಬಂದಿವೆ. ಮೂರನೆಯದು ವಿನಾಶದ ಅಂಚಿನವುಗಳ ವರ್ಗಕ್ಕೆ ಇಳಿದಿದೆ. ಗಂಡಿನ ಮೂಗು ಚೀಲದಂತೆ ಉಬ್ಬಿ ಮುಸುಕಾಗುವುದರಿಂದ ಆ ಮೂರನೆಯದಕ್ಕೆ ಆ ಹೆಸರು. ಅದರ ತಾಯಿ ಮರಿಗೆ ಹಾಲೂಡುವುದು ನಾಲ್ಕೇ ನಾಲ್ಕು ದಿನ. ಸ್ತನಿಗಳಲ್ಲೆಲ್ಲ ಇಷ್ಟು ಕಿರಿದಾದ ಬಾಲ್ಯ ಬೇರಾವುದಕ್ಕೂ ಇಲ್ಲ. ಹಾಲಿನಲ್ಲಿ ನೂರಕ್ಕೆ ಅರುವತ್ತರಷ್ಟು ಕೊಬ್ಬು. ನಾಲ್ಕು ದಿನದಲ್ಲಿ ಮರಿಯ ತೂಕ ಇಮ್ಮಡಿಯಾಗುತ್ತದೆ, ತಾಯಿ ಹೊರಟುಹೋಗುತ್ತದೆ. ಒಡೆಯುವ, ತೇಲುವ ಗಡ್ಡೆಯ ಮೇಲೆ ಹೆರುವ ಪ್ರಾಣಿ ಕಾಲವನ್ನು ನಂಬುವಂತಿಲ್ಲವಷ್ಟೆ! ಗ್ರೀನ್‌ಲೆಂಡಿನ ಪೂರ್ವದ ಕಡಲಿನಲ್ಲಿ ಬೇಟೆಯಿಂದ ಕುಸಿದ ಇದರ ಸಂಖ್ಯೆ, 2007ರಲ್ಲಿ ಬೇಟೆ ನಿಷೇಧವಾದ ಮೇಲೂ ಚೇತರಿಸಿಕೊಂಡಿಲ್ಲ.

ಹಾರ್ಪ್ ಸೀಲಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ತಿರುವಿದೆ. ಬಲಿತ ಸೀಲಿನ ಬೆನ್ನ ಮೇಲೆ ಹಾರ್ಪ್ ವಾದ್ಯದ ಆಕಾರದ ಕಪ್ಪು ಗುರುತು. ಶಾಸ್ತ್ರದ ಹೆಸರಿಗೆ ‘ಗ್ರೀನ್‌ಲೆಂಡಿನ ಹಿಮಪ್ರಿಯ’ ಎಂದರ್ಥ. ಇದರ ಹಾಲುಬಿಳುಪಿನ ಮರಿಗಳನ್ನು ಕೆನಡಾದ ಗಡ್ಡೆಗಳ ಮೇಲೆ ತುಪ್ಪಟಕ್ಕಾಗಿ ಬಡಿದು ಕೊಲ್ಲುತ್ತಿದ್ದ ಚಿತ್ರಗಳು ಒಂದು ಕಾಲಕ್ಕೆ ಲೋಕವನ್ನೆಲ್ಲ ಕಲಕಿದವು. 1983ರಲ್ಲಿ ಯೂರೋಪಿನ ರಾಷ್ಟ್ರಗಳು ಆ ಬಿಳಿಯ ತುಪ್ಪಟದ ಆಮದನ್ನು ತಡೆದವು. 1987ರಲ್ಲಿ ಕೆನಡಾ ಬಿಳಿಮರಿಗಳ ವ್ಯಾಪಾರದ ಬೇಟೆಯನ್ನು ನಿಲ್ಲಿಸಿತು. 2009ರಲ್ಲಿ ಯೂರೋಪು ಸೀಲಿನ ಎಲ್ಲ ಸರಕಿನ ಮಾರಾಟಕ್ಕೂ ಕಡಿವಾಣ ಹಾಕಿತು. ಮರುವರ್ಷವೇ, 2010ರಲ್ಲಿ, ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಮರಿ ಹಾಕುವ ಕಾಲಕ್ಕೆ ಗಡ್ಡೆಯೇ ಇಲ್ಲವೆನ್ನುವಂತಾಯಿತು. ಹಾರ್ಪ್ ಸೀಲಿನ ತಾಯಿ ಹನ್ನೆರಡು ದಿನ ಮಾತ್ರ ಹಾಲೂಡಿಸಿ ಹೋಗುತ್ತದೆ. ಬಳಿಕ ಮರಿ ವಾರಗಟ್ಟಲೆ ಗಡ್ಡೆಯ ಮೇಲೆ ಉಪವಾಸವಿದ್ದು, ತನ್ನ ಕೊಬ್ಬನ್ನೇ ಉಂಡು, ಈಜಲು ಕಲಿಯಬೇಕು. ಅದಕ್ಕೆ ಮೊದಲೇ ಗಡ್ಡೆ ಒಡೆದರೆ ನೀರುಪಾಲು. ದೊಣ್ಣೆ ಹಿಡಿದವನನ್ನು ತಡೆಯಲು ಒಂದು ಶಾಸನ ಸಾಕಾಯಿತು. ಈಗಿನ ಕೊಲೆಗೆ ಕೈಯಿಲ್ಲ, ಮುಖವಿಲ್ಲ, ಚಿತ್ರ ತೆಗೆಯೋಣವೆಂದರೆ ಖಾಲಿ ನೀರಲ್ಲದೆ ಬೇರೇನೂ ಕಾಣುವುದಿಲ್ಲ.

ಆ ಶಾಸನಗಳ ಪೆಟ್ಟು ಯಾರಿಗೆ ತಗುಲಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇನ್ಯುಯಿಟರು ಬಿಳಿಮರಿಗಳ ವ್ಯಾಪಾರದವರಲ್ಲ. ಅವರು ಸೀಲನ್ನು ತಿನ್ನುತ್ತಾರೆ, ಉಡುತ್ತಾರೆ, ಉಳಿದ ಚರ್ಮವನ್ನು ಮಾರಿ ಬೇಟೆಗೆ ಬೇಕಾದ ಎಣ್ಣೆ ಗುಂಡುಗಳನ್ನು ಕೊಳ್ಳುತ್ತಿದ್ದರು. ಶಾಸನದಲ್ಲಿ ಅವರಿಗೆ ವಿನಾಯಿತಿ ಇತ್ತು. ಆದರೆ ಕೊಳ್ಳುವವರ ಮನಸ್ಸೇ ಮುರಿದ ಮೇಲೆ ವಿನಾಯಿತಿಯ ಕಾಗದದಿಂದ ಏನು ಪ್ರಯೋಜನ? ಇಂದು ಅವರ ಕಾಲಡಿಯ ಗಡ್ಡೆಯೂ ತೆಳ್ಳಗಾಗಿದೆ. ಅಗ್ಲುವಿನ ಬಳಿ ಗಂಟೆಗಟ್ಟಲೆ ಅಲುಗದೆ ಕಾಯುವ ಬೇಟೆಗಾರನಿಗೂ ಅಗ್ಲುವಿನೊಳಗಿನ ನತ್ತಿಕ್‌ಗೂ ಬೇಕಾದ ನೆಲ ಒಂದೇ. ಸೀಲಿನ ಮೇಲಿನ ಕರುಣೆಯ ಹೆಸರಿನಲ್ಲಿ ಇವರನ್ನು ಬಡವರನ್ನಾಗಿಸಿ, ಸೀಲಿನ ಮನೆಯನ್ನು ಕರಗಿಸುವ ಹೊಗೆಯನ್ನು ಮಾತ್ರ ನಿಲ್ಲಿಸದೆ ಹೋದ ನಾಗರಿಕತೆಯ ಬಗ್ಗೆ ನನಗೆ ಹೆಚ್ಚಿನ ಗೌರವ ಹುಟ್ಟಲಿಲ್ಲ. ಆ ನಾಗರಿಕತೆಯಲ್ಲಿ ನಾನೂ ಒಬ್ಬ; ಕಾಲೇಜಿಗೆ ಮೋಟಾರುಸೈಕಲ್ಲಿನಲ್ಲಿ ಹೋಗುವವನು.

ಸಂಖ್ಯೆಯ ಮಾತು ಬಂದರೆ ಓದುಗರು ಗಲಿಬಿಲಿಗೊಳ್ಳಬಹುದು. ಉಂಗುರದ ಸೀಲು ಇಂದಿಗೂ ದಶಲಕ್ಷಗಳ ಲೆಕ್ಕದಲ್ಲಿದೆ. ಅಷ್ಟಿದ್ದರೂ ಅಮೆರಿಕ ಸರಕಾರ 2012ರಲ್ಲಿ ಅದನ್ನೂ ಗಡ್ಡದ ಸೀಲನ್ನೂ ಆತಂಕದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ‘ಲಕ್ಷಗಟ್ಟಲೆ ಇರುವ ಪ್ರಾಣಿಗೆ ಆತಂಕವೇನು?’ ಎಂದು ವ್ಯಾಜ್ಯವಾಯಿತು. ಕೆಳಗಿನ ನ್ಯಾಯಾಲಯ ಉಂಗುರದ ಸೀಲಿನ ಹೆಸರನ್ನು ತೆಗೆಯಿತು, ಮೇಲಿನದು 2018ರಲ್ಲಿ ಮತ್ತೆ ಸೇರಿಸಿತು. ಆ 2018ರ ಚಳಿಗಾಲದಲ್ಲಿಯೇ ಅಲಾಸ್ಕದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದಲ್ಲಿ ಹಿಂದೆಂದೂ ಕಾಣದಷ್ಟು ಕಡಮೆ ಗಡ್ಡೆ ಕಟ್ಟಿತು. ಬೇಸಗೆಯಿಂದ ಬಡಕಲಾದ ಸೀಲುಗಳು ಸತ್ತು ದಡಕ್ಕೆ ಬರತೊಡಗಿದವು. ಸೀಲು ದೀರ್ಘಾಯು. ಹತ್ತು ವರ್ಷ ಮರಿಗಳು ಉಳಿಯದಿದ್ದರೂ ಮುದಿಸೀಲುಗಳು ಕಡಲಲ್ಲಿ ಈಜುತ್ತಲೇ ಇರುತ್ತವೆ, ಎಣಿಸುವವರಿಗೆ ಸಿಕ್ಕುತ್ತಲೇ ಇರುತ್ತವೆ. ಮಕ್ಕಳೆಲ್ಲ ಪಟ್ಟಣ ಸೇರಿದ ಹಳ್ಳಿಯ ಜನಗಣತಿಯೂ ಕೆಲಕಾಲ ಹೀಗೆಯೇ ತುಂಬಿದಂತೆ ತೋರುತ್ತದೆ.

ಓದಿದ್ದರಲ್ಲಿ ಮನಸ್ಸಿಗೆ ಹತ್ತಿರವಾದದ್ದು ಫಿನ್ಲೆಂಡಿನ ಸೈಮಾ ಸರೋವರದ ವೃತ್ತಾಂತ. ಸುಮಾರು ಒಂಬತ್ತೂವರೆ ಸಾವಿರ ವರ್ಷಗಳ ಹಿಂದೆ ಹಿಮಯುಗದ ಭಾರ ಇಳಿದು ನೆಲ ಮೇಲೆದ್ದಾಗ, ಕಡಲಿನಿಂದ ಕಡಿದುಹೋದ ನೀರಿನಲ್ಲಿ ಕೆಲವು ಉಂಗುರದ ಸೀಲುಗಳು ಸಿಕ್ಕಿಕೊಂಡವು. ಅವುಗಳ ಸಂತತಿ ಇಂದಿಗೂ ಆ ಸಿಹಿನೀರಿನಲ್ಲಿದೆ. ಜನ ಅದನ್ನು ‘ನೊರ್ಪ್ಪಾ’ ಎನ್ನುತ್ತಾರೆ. 1955ರಿಂದ ಅದನ್ನು ಕೊಲ್ಲುವಂತಿಲ್ಲ. ಆದರೂ ಬಲೆಗೆ ಸಿಕ್ಕಿ ಸಾಯುತ್ತ, 1980ರ ದಶಕದ ವೇಳೆಗೆ ಸುಮಾರು 150 ಮಾತ್ರ ಉಳಿದಿದ್ದವು. ವಸಂತದಲ್ಲಿ ಬಲೆಗಳಿಗೆ ನಿರ್ಬಂಧ ಹಾಕಿದ ಮೇಲೆ ಸಂಖ್ಯೆ ಮೆಲ್ಲಗೆ ಏರಿ ಈಗ 500ರ ಆಸುಪಾಸಿಗೆ ಬಂದಿದೆ.

ಸರೋವರದ ಸೀಲು ಮನೆ ತೋಡುವುದು ದ್ವೀಪಗಳ ಅಂಚಿನಲ್ಲಿ ಗಾಳಿ ಒಟ್ಟಿದ ಮಂಜಿನಲ್ಲಿ. 2014ರ ಚಳಿಗಾಲದಲ್ಲಿ ಅಲ್ಲಿ ಮಂಜು ಸಾಕಷ್ಟು ಬೀಳಲಿಲ್ಲ. ಆಗ ಊರವರು, ಸಂಬಳ ಕೇಳದವರು, ಸಲಿಕೆಗಳನ್ನು ಹಿಡಿದು ಗಡ್ಡೆಯ ಮೇಲೆ ನಡೆದು ಹೋಗಿ, ಇದ್ದ ಮಂಜನ್ನೇ ಗೋರಿ ದ್ವೀಪಗಳ ಮಗ್ಗುಲಲ್ಲಿ ಗುಡ್ಡೆ ಹಾಕಿ ಬಂದರು. ಅವರು ಮನೆ ಕಟ್ಟಲಿಲ್ಲ. ಮನೆ ತೋಡಬಹುದಾದ ಗುಡ್ಡೆಯನ್ನು ಇಟ್ಟು ಬಂದರು. ಸೀಲುಗಳು ಕೆಳಗಿನಿಂದ ಬಂದು ಅದನ್ನು ಒಪ್ಪಿಕೊಂಡವು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಬಹುಪಾಲು ಮನುಷ್ಯರು ಒಟ್ಟಿದ ಆ ಗುಡ್ಡೆಗಳಲ್ಲಿಯೇ ಹುಟ್ಟಿದವು. ಅಂದಿನಿಂದ ಮಂಜು ಕಡಮೆಯಾದ ಚಳಿಗಾಲಗಳಲ್ಲಿ ಈ ಕೆಲಸ ನಡೆಯುತ್ತ ಬಂದಿದೆ.

2016ರಿಂದ ಒಂದು ಸಂಸ್ಥೆಯವರು ವಸಂತಕಾಲದಲ್ಲಿ ಆ ಸರೋವರದ ಬಂಡೆಯೊಂದನ್ನು ಅಂತರಜಾಲದಲ್ಲಿ ನೇರವಾಗಿ ತೋರಿಸುತ್ತ ಬಂದಿದ್ದಾರೆ. ಹಳೆಯ ಕೂದಲುದುರಿ ಹೊಸದು ಬರಲು ಸೀಲು ಬಂಡೆಯ ಮೇಲೆ ಮಲಗಿ ಬಿಸಿಲು ಕಾಯಿಸುವ ಕಾಲ ಅದು. ಆ ಹಿಂದಿನ ದೃಶ್ಯವೊಂದನ್ನು ನಾನು ಮೊಬೈಲಿನಲ್ಲಿ ನೋಡುತ್ತ ಕುಳಿತಿದ್ದಾಗ ಅಮ್ಮ ಹಿಂದಿನಿಂದ ಬಂದು ಬಗ್ಗಿ ನೋಡಿದರು.

“ಏನಪ್ಪ ಅದು, ಎಮ್ಮೆಗರು ಕೆಸರಿನಲ್ಲಿ ಹೊರಳಿ ಬಂದು ಮಲಗಿದ ಹಾಗಿದೆ?”

ಪುಲ್ಲೆರ್ವೊ ಎಂದು ಅದರ ಹೆಸರು, ಫಿನ್ಲೆಂಡಿನಲ್ಲಿ ಅದನ್ನು ಅರಿಯದವರಿಲ್ಲ ಎಂದೆ. ಅಮ್ಮ ಸ್ವಲ್ಪ ಹೊತ್ತು ನಿಂತು ನೋಡಿದರು. ಅದು ಒಮ್ಮೆ ಮಗ್ಗುಲು ಬದಲಾಯಿಸಿತು. “ಪಾಪ, ಹೊಟ್ಟೆ ತುಂಬಿದೆ” ಎಂದು ಹೇಳಿ ಒಳಗೆ ಹೋದರು.

ಎರಡು ತಿಂಗಳ ಮೇಲೆ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಆ ಗಂಟೆಗೆ ಇಟ್ಟಿದ್ದ ಛಂದಸ್ಸಿನ ಪಾಠ ಹಿಂದೆ ಬಿತ್ತು. ‘ಮುದ್ರೆ’ಯೆಂದು ಬರೆದಿದ್ದ ಹುಡುಗಿ ನಕ್ಕಳು; ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ 2015ರಲ್ಲಿ ಸರಕಾರ ಹೊಳೆಯ ಒಂದು ಭಾಗವನ್ನೇ ಕಾಯ್ದಿರಿಸಿದೆಯೆಂದು ಅವಳೇ ನಮಗೆ ತಿಳಿಸಿದಳು. ಮಲೆನಾಡಿನ ಹುಡುಗ ಮಾತ್ರ ಕೈಯೆತ್ತಿ ನಿಂತಿದ್ದ.

“ಸರ್, ಮಂಜು ಕಡಮೆ ಬಿದ್ದರೆ ಗುಡ್ಡೆ ಹಾಕಬಹುದು. ಮಂಜೇ ಬೀಳದ ವರ್ಷ ಯಾವುದನ್ನು ಗುಡ್ಡೆ ಹಾಕುತ್ತಾರೆ?”

ಈ ಸಲ ಉತ್ತರ ನನ್ನಲ್ಲಿತ್ತು. ಅದಕ್ಕಾಗಿ ಅಲ್ಲಿನವರು ಮಾಡಿದ ಗೂಡುಗಳನ್ನು ಮಾಡಿ, ದ್ವೀಪಗಳ ದಡದಲ್ಲಿಟ್ಟು, ಸೀಲುಗಳು ಒಳಗೆ ಬರುತ್ತವೆಯೋ ಎಂದು ಪರೀಕ್ಷಿಸುತ್ತಿದ್ದಾರೆ ಎಂದೆ. ಕೆಲವು ಬಂದಿವೆ ಎಂದೂ ಸೇರಿಸಿದೆ. ಅವನು ಇನ್ನೇನೋ ಕೇಳುವವನಿದ್ದ. ಅಷ್ಟರಲ್ಲಿ ಗಂಟೆ ಹೊಡೆಯಿತು.